ಎರಡು ನಲ್ಲಿಯ ಹಿಂದೊಂದು ತೊಟ್ಟಿ

ಬ್ರಿಟನ್ನಿನ ಬೇಸಿನ್‌ಗಳಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು ನಲ್ಲಿ ಇರುವುದು ಬರೀ ಹಟಮಾರಿತನ ಎನ್ನುವವರಿದ್ದಾರೆ. ಅಷ್ಟೇ ಅಲ್ಲ. ಹಳೆಯ ಮನೆಗಳಲ್ಲಿ ತಣ್ಣೀರು ಬೀದಿಯ ಪೈಪಿನಿಂದ ನೇರ ಬರುತ್ತದೆ. ಬಿಸಿನೀರು ಅಟ್ಟದ ತೊಟ್ಟಿಯಿಂದ ಸಿಲಿಂಡರಿಗೆ, ಅಂದರೆ ನೀರು ಕಾಯಿಸುವ ಟ್ಯಾಂಕಿಗೆ ಇಳಿದು, ಕಾದು ಬರುತ್ತದೆ. ಮುಚ್ಚಳ ಸರಿಯಿಲ್ಲದ ತೊಟ್ಟಿಗೆ ಇಲಿ, ಪಾರಿವಾಳ ಬಿದ್ದದ್ದೂ ಉಂಟು! ಅದು ಕುಡಿಯುವ ನೀರಲ್ಲ. ಎರಡೂ ಒಂದೇ ಕೊಳವೆಯಲ್ಲಿ ಬೆರೆತರೆ, ಒತ್ತಡ ಏರುಪೇರಾದಾಗ ತೊಟ್ಟಿಯ ನೀರು ಶುದ್ಧ ನೀರಿನ ಪೈಪಿಗೆ ಹಿಮ್ಮುಖವಾಗಿ ನುಗ್ಗೀತು ಎಂಬ ಭಯ. ಅಡುಗೆಮನೆಯ ಒಂಟಿ ಮೂತಿಯ ನಲ್ಲಿಯೊಳಗೂ ಎಷ್ಟೋ ಕಡೆ ಎರಡು ಪ್ರತ್ಯೇಕ ದಾರಿಗಳಿರುತ್ತವೆ. ನೀರು ಬೆರೆಯುವುದು ಹೊರಬಿದ್ದ ಮೇಲೆ.

ಶ್ವಾಸಕೋಶದ ರೋಗ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲಿ ಎಂದು ಸಿಲಿಂಡರಿನ ನೀರನ್ನು 60 ಡಿಗ್ರಿಗೆ ಕಾಯಿಸುತ್ತಾರೆ. ನೇರ ಕೈಯೊಡ್ಡಬೇಡಿ: ಬೇಸಿನ್ನಿಗೆ ಬಿರಡೆ ಹಾಕಿ, ಮೊದಲು ತಣ್ಣೀರು, ಆಮೇಲೆ ಬಿಸಿ. ಬೀದಿಯ ಪೈಪಿನ ನೀರನ್ನೇ ಬೇಕಾದಾಗ ಕಾಯಿಸಿ ಕೊಡುವ ಕಾಂಬಿ ಬಾಯ್ಲರ್ ಇರುವ ಮನೆಗಳಲ್ಲಿ ಅಟ್ಟದ ತೊಟ್ಟಿಯೇ ಬೇಕಿಲ್ಲ, ಆದರೂ ಎರಡು ನಲ್ಲಿ ಹಾಕಿಸುವವರಿದ್ದಾರೆ. ಅದನ್ನು ಬೇಕಾದರೆ ಹಟ ಎನ್ನಿ.