ಪರ–ವಿರೋಧ: ಓದು ಬಾರದ ಮಕ್ಕಳನ್ನು ದಿನಕ್ಕೊಂದು ಗಂಟೆ ಬೇರೆ ಕೂರಿಸಿ ಕಲಿಸಬೇಕೆ?

ಪರ: ಓದು ಬಾರದವನ ಕೈಗೆ ಪ್ರಶ್ನೋತ್ತರ ಕೊಡಬೇಡಿ
(ಜಗಳೂರು ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ)

ಐದನೇ ತರಗತಿ ಹುಡುಗ. ಮುತ್ತು ಪೋಣಿಸಿದಂಥ ಅಕ್ಷರ. ಅವನ ನೋಟ್ಸ್ ನೋಡಿದವರೆಲ್ಲ ಬೆನ್ನು ತಟ್ಟುತ್ತಿದ್ದರು. ಒಂದು ದಿನ ಎಬ್ಬಿಸಿ ಪಾಠ ಓದು ಅಂದೆ. ಗಡಗಡ ಓದಿದ. ಮಧ್ಯದಲ್ಲಿ ನಾನು ಸುಮ್ನೆ ಎರಡು ಪುಟ ಮುಂದಕ್ಕೆ ತಿರುವಿದೆ. ಅವನು ನಿಲ್ಲಲೇ ಇಲ್ಲ. ಬೆರಳು ಹೊಸ ಪುಟದ ಮೇಲೆ ಓಡುತ್ತಿತ್ತು, ಬಾಯಿ ಮಾತ್ರ ಹಳೇ ಪುಟದ್ದನ್ನೇ ಹೇಳುತ್ತಿತ್ತು. ಇಡೀ ಪಾಠ ಬಾಯಿಪಾಠ. ಬೋರ್ಡಿನ ಮೇಲೆ 'ಕತ್ತೆ' ಅಂತ ಬರೆದು ಇದೇನು ಅಂದೆ. 'ಕತೆ' ಅಂದ. ಒತ್ತಕ್ಷರ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಆ ಹುಡುಗನಿಗೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕನ್ನಡಕ್ಕೆ ಬಿ ಪ್ಲಸ್ ಗ್ರೇಡ್ ಬಂದಿತ್ತು. ಕೊಟ್ಟವಳು ನಾನೇ.

ಅವತ್ತಿನಿಂದ ನನ್ನದು ಒಂದೇ ಹಟ. ಓದು ಬಾರದ ಮಕ್ಕಳನ್ನು ದಿನಕ್ಕೆ ಒಂದು ಗಂಟೆ ಬೇರೆ ಕೂರಿಸಬೇಕು. ಶಾಲೆ ಬಿಟ್ಟ ಮೇಲಲ್ಲ, ಶಾಲೆ ನಡೆಯುವಾಗಲೇ. ನಾಲ್ಕನೇ ತರಗತಿಯವನೋ ಆರನೆಯವನೋ ನೋಡಬಾರದು. ಅಕ್ಷರದಲ್ಲಿ ನಿಂತಿದ್ದಾನಾ, ಪದಕ್ಕೆ ಬಂದಿದ್ದಾನಾ, ಒಂದು ಪ್ಯಾರಾ ಓದಬಲ್ಲನಾ, ಅಷ್ಟು ನೋಡಬೇಕು. ಎಲ್ಲಿ ನಿಂತಿದ್ದಾನೋ ಅಲ್ಲಿಂದ ಕೈ ಹಿಡಿಯಬೇಕು. ಉಳಿದ ಹೊತ್ತು ಅವನು ತನ್ನ ತರಗತಿಯಲ್ಲೇ, ತನ್ನ ಗೆಳೆಯರ ಜೊತೆಗೇ ಕೂರಲಿ.

ಮಕ್ಕಳು ಎಲ್ಲಿ ಜಾರುತ್ತಾರೆ ಅನ್ನುವುದು ಕಲಿಸುವವರಿಗೆಲ್ಲ ಗೊತ್ತು. ಮೂರನೇ ತರಗತಿವರೆಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು. ಕಾರ್ಡು, ಮೈಲಿಗಲ್ಲು, ಗೋಡೆ ಮೇಲೆ ಕಲಿಕಾ ಏಣಿ. ಒಬ್ಬ ಬೇಗ ಹತ್ತುತ್ತಾನೆ, ಇನ್ನೊಬ್ಬ ನಿಧಾನವಾಗಿ ಹತ್ತುತ್ತಾನೆ, ಯಾರೂ ಕೇಳುವುದಿಲ್ಲ. ಚೆಂದದ ಪದ್ಧತಿ. ಆದರೆ ಏಣಿಯ ಅರ್ಧದಲ್ಲಿ ನಿಂತ ಮಗುವಿನ ಏಣಿಯನ್ನು ಮಾರ್ಚ್ ತಿಂಗಳಲ್ಲಿ ತೆಗೆದುಬಿಡುತ್ತೇವೆ. ಜೂನ್‌ನಲ್ಲಿ ನಾಲ್ಕನೇ ತರಗತಿ. ಕೈಗೆ ದಪ್ಪ ಪುಸ್ತಕ, ಪಾಠದ ಕೊನೆಗೆ 'ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ'. ಆ ಮಗು ಏನು ಮಾಡಬೇಕು? ಬೋರ್ಡ್ ನೋಡಿ ಬರೆದುಕೊಳ್ಳುತ್ತದೆ. ಬರೆದೂ ಬರೆದೂ ಅಕ್ಷರ ದುಂಡಗಾಗುತ್ತದೆ. ಓದು ಬರುವುದಿಲ್ಲ.

ನಮ್ಮ ತಾಲೂಕಿನ ಕತೆ ಬೇರೆ ಇದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಕಾಫಿ ತೋಟಕ್ಕೋ ಬೆಂಗಳೂರಿಗೋ ಹೊರಡುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ಮಳೆ ಚೆನ್ನಾಗಿ ಆದರೂ ಶೇಂಗಾ ಕೀಳುವಾಗ, ಈರುಳ್ಳಿ ಸುಗ್ಗಿಯಲ್ಲಿ ತರಗತಿ ಅರ್ಧ ಖಾಲಿ. ಇದರ ಮೇಲೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಬಾಗಿಲು ಸಣ್ಣ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಧ್ಯೆ ವಿದ್ಯಾಗಮ ಅಂತ ಗುಡಿ ಕಟ್ಟೆ ಮೇಲೆ ಕೂರಿಸಿ ಕಲಿಸಿದೆವು, ಆದಷ್ಟು. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆ ಇದೆಯಲ್ಲ, 2022ರ ಆ ಸಮೀಕ್ಷೆಯಲ್ಲಿ ರಾಜ್ಯದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಪಾಠ ಓದಿದವರು ಅರ್ಧದಷ್ಟೂ ಇರಲಿಲ್ಲ. ನಮಗೇನೂ ಆಶ್ಚರ್ಯ ಆಗಲಿಲ್ಲ.

ಇಷ್ಟಾದ ಮೇಲೂ ನಾವು ಮಾಡುವುದೇನು? ಪ್ರಶ್ನೋತ್ತರ. 2023, 2024ರಲ್ಲಿ ಐದನೇ ತರಗತಿಗೂ ಪಬ್ಲಿಕ್ ಪರೀಕ್ಷೆ ಅಂತ ಬಂತಲ್ಲ, ಕೋರ್ಟು ಕಚೇರಿ ಎಲ್ಲ ಆಗಿ 2024ರಲ್ಲಿ ಬರೆದ ಪರೀಕ್ಷೆಯ ಫಲಿತಾಂಶವನ್ನೇ ಸುಪ್ರೀಂ ಕೋರ್ಟು ತಡೆಹಿಡಿಯಿತು. ಆ ಎರಡು ಬೇಸಿಗೆ ನಮ್ಮ ಶಾಲೆಯಲ್ಲಿ ಮಾದರಿ ಪ್ರಶ್ನೆಪತ್ರಿಕೆ ಬಿಟ್ಟರೆ ಬೇರೆ ಮಾತಿಲ್ಲ. ಎಸ್ಸೆಸ್ಸೆಲ್ಸಿಯವರಿಗೆ ಮಾಡುವ 'ಪಾಸಿಂಗ್ ಪ್ಯಾಕೇಜ್' ಹತ್ತು ವರ್ಷದ ಮಕ್ಕಳ ತನಕ ಇಳಿದು ಬಂತು. ಇಷ್ಟೇ ಪ್ರಶ್ನೆ, ಇಷ್ಟೇ ಉತ್ತರ, ಉರು ಹೊಡಿ. ಓದು ಬಾರದವನಿಗೂ ಅದೇ. ನಾನು ಮತ್ತೆ ಮತ್ತೆ ಹೇಳುತ್ತೇನೆ, ಓದು ಬಾರದವನ ಕೈಗೆ ಪ್ರಶ್ನೋತ್ತರ ಕೊಡಬೇಡಿ. ಹಲ್ಲಿಲ್ಲದವನಿಗೆ ಕಡಲೆ ಕೊಟ್ಟಂಗೆ ಅದು.

ಕಾನೂನು ಕೂಡ ನನ್ನ ಕಡೆಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಅಂದರೆ ಎಲ್ಲರಿಗೂ 'ಫೇಲ್ ಮಾಡಬಾರದು' ಅನ್ನುವುದಷ್ಟೇ ನೆನಪು. 2019ರಲ್ಲಿ ಅದನ್ನು ತಿದ್ದಿ, ಐದು ಮತ್ತು ಎಂಟರಲ್ಲಿ ಪರೀಕ್ಷೆ ಇಡಬಹುದು, ಫೇಲಾದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕು, ಆಮೇಲೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಬಹುದು ಅಂತ ಮಾಡಿದ್ದೂ ನೆನಪು. ಅದೇ ಕಾಯ್ದೆಯ 24ನೇ ಸೆಕ್ಷನ್ ಯಾರಿಗೂ ನೆನಪಿಲ್ಲ. ಪ್ರತಿ ಮಗುವಿನ ಕಲಿಕೆಯನ್ನು ನೋಡಿ, ಬೇಕಾದವರಿಗೆ ಹೆಚ್ಚುವರಿಯಾಗಿ ಕಲಿಸುವುದು ಶಿಕ್ಷಕರ ಕರ್ತವ್ಯ ಅಂತ ಅಲ್ಲಿ ಬರೆದಿದೆ. ಪಾಸು–ಫೇಲು ಅಂತ ಜಗಳ ಆಡುವವರು ಇದನ್ನೊಮ್ಮೆ ಓದಲಿ.

ಲೆಕ್ಕದ್ದೂ ಇದೇ ಪಾಡು. 42ರಲ್ಲಿ 17 ಕಳೆ ಅಂದರೆ ನಮ್ಮ ಒಬ್ಬ ಹುಡುಗಿ 35 ಅಂತ ಬರೆಯುತ್ತಿದ್ದಳು. ತಪ್ಪು ಅಂತ ಗೀಟು ಎಳೆಯುವುದು ಸುಲಭ. ಅವಳು ಏಳರಲ್ಲಿ ಎರಡು ಕಳೆದಿದ್ದಳು, ದೊಡ್ಡದರಲ್ಲಿ ಚಿಕ್ಕದು ತಾನೇ ಕಳೆಯಬೇಕು ಅಂತ. 'ಪಕ್ಕದ ಮನೆಯಿಂದ ಕಡ ತಗೋ' ಅಂತ ನಾನು ವರ್ಷಪೂರ್ತಿ ಕೂಗಿದ್ದೆ. ಆ ಒಂದು ಗಂಟೆಯ ಗುಂಪಿನಲ್ಲಿ ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದೆ ಇಟ್ಟೆ. ಹದಿನೇಳು ಕೊಡು ಅಂದೆ. ಎರಡು ಬಿಡಿ ಕಡ್ಡಿ ನೋಡಿದಳು. ಕಟ್ಟು ನೋಡಿದಳು. ತುಂಬಾ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು, 'ಮಿಸ್, ಕಟ್ಟು ಬಿಚ್ಚಬೋದಾ?'

ಬಿಚ್ಚಮ್ಮ ಅಂದೆ. ಆಮೇಲೆ ಅವಳು ಆ ತಪ್ಪು ಮಾಡಲಿಲ್ಲ. ನಲವತ್ತು ಮಕ್ಕಳ ಮಧ್ಯೆ ಅಷ್ಟು ಹೊತ್ತು ಕಾಯುವುದಕ್ಕೆ ನನ್ನಿಂದ ಆಗುತ್ತಿತ್ತಾ?

ಬೇರೆ ಕೂರಿಸಿದರೆ ಮಗುವಿನ ಮನಸ್ಸಿಗೆ ನೋವಾಗುತ್ತದೆ ಅನ್ನುವವರಿದ್ದಾರೆ. ಇಂಥವರಲ್ಲಿ ಜಾಸ್ತಿ ಜನ ದಾವಣಗೆರೆ ಪೇಟೆಯವರು. ತಮ್ಮ ಮಕ್ಕಳನ್ನು ಎರಡೆರಡು ಟ್ಯೂಷನ್‌ಗೆ ಬಿಟ್ಟು ಬಂದು, ಬೆಣ್ಣೆದೋಸೆ ತಿನ್ನುತ್ತಾ ನಮ್ಮ ಮಕ್ಕಳ ಮನಸ್ಸಿನ ಬಗ್ಗೆ ಮರುಗುತ್ತಾರೆ. ಟ್ಯೂಷನ್ ಅಂದರೆ ಬೇರೆ ಕೂರಿಸುವುದಲ್ವಾ? ಅವರದ್ದು ದುಡ್ಡು ಕೊಟ್ಟು, ನಮ್ಮದು ಪುಕ್ಕಟೆ. ಅಷ್ಟೇ ವ್ಯತ್ಯಾಸ.

ಆ ಬಾಯಿಪಾಠದ ಹುಡುಗ ಸಂಕ್ರಾಂತಿ ಹೊತ್ತಿಗೆ ಶಾಲೆ ಗೋಡೆ ಮೇಲಿದ್ದ ಚುನಾವಣೆ ಬರಹ ಓದಿದ. ಒತ್ತಕ್ಷರ ಸಮೇತ. ಓದಿ, 'ಮಿಸ್, ಇದರಾಗೆ ಒಂದು ತಪ್ಪೈತೆ' ಅಂದ. ನಿಜ, ತಪ್ಪಿತ್ತು.


ವಿರೋಧ: ನೀರಿನ ತೊಟ್ಟಿ ಬ್ಯಾಚು
(ದಾವಣಗೆರೆಯ ಚೌಕಿಪೇಟೆಯ ವ್ಯಾಪಾರಿ, ನಾಲ್ಕನೇ ತರಗತಿ ಹುಡುಗಿಯ ತಂದೆ)

ವಿರೋಧವಾಗಿ ಬರೆಯಿರಿ ಅಂತ ಕೇಳಿದಾಗ ಹೂಂ ಅಂದುಬಿಟ್ಟೆ. ಆಮೇಲೆ ಕೂತು ಯೋಚನೆ ಮಾಡಿದರೆ ನನಗೇ ಪೂರ್ತಿ ವಿರೋಧ ಇಲ್ಲ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ಎಲ್ಲರೂ ಹೇಳುವ ಕಾರಣ ಮೊದಲು ಹೇಳಿ ಮುಗಿಸುತ್ತೇನೆ. ಮೇಷ್ಟ್ರುಗಳಿಗೆ ಪುರುಸೊತ್ತು ಎಲ್ಲಿದೆ? ಮತದಾರರ ಪಟ್ಟಿ ಅವರದ್ದೇ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಅವರದ್ದೇ. 2025ರಲ್ಲಿ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆದರು. ಇದರ ಮೇಲೆ ದಿನಕ್ಕೊಂದು ಗಂಟೆ ವಿಶೇಷ ತರಗತಿ ಅಂದರೆ, ಒಂದು ಹೊಸ ರಿಜಿಸ್ಟರ್, ವಾಟ್ಸಾಪ್ ಗ್ರೂಪಿಗೆ ದಿನಾ ಎರಡು ಫೋಟೋ. ಕಲಿಕೆ ಫೋಟೋದಲ್ಲಿ ನಡೆಯುತ್ತದೆ.

ಎರಡನೆಯದು, ಆ ಗಂಟೆ ಎಲ್ಲಿಂದ ಬರುತ್ತದೆ? ಗಣಿತದ ಪೀರಿಯಡ್ ಯಾರೂ ಬಿಟ್ಟುಕೊಡುವುದಿಲ್ಲ. ಆಟದ ಪೀರಿಯಡ್ ಹೋಗುತ್ತದೆ. ಓದು ಬಾರದ ಹುಡುಗ ಖೋ-ಖೋದಲ್ಲಿ ಹುಲಿ ಇರುತ್ತಾನೆ. ಅವನು ಶಾಲೆಗೆ ಬರುವುದೇ ಅದಕ್ಕೆ. ಅದನ್ನೂ ಕಿತ್ತುಕೊಳ್ಳುತ್ತೀರಾ?

ಹಾಗಾದರೆ ಓದು ಬಾರದವರಿಗೆ ಏನು ಮಾಡಬೇಕು ಅಂತ ನೀವು ಕೇಳುತ್ತೀರಿ. ಅದು ಕಲಿತವರು ಹೇಳಬೇಕಾದ ಮಾತು, ನಾನು ವ್ಯಾಪಾರಸ್ಥ. ನನಗೆ ಗೊತ್ತಿರುವುದು ಬೇರೆ ಕೂರುವುದು ಅಂದರೆ ಹೇಗಿರುತ್ತದೆ ಅಂತ.

1986ರಲ್ಲಿ ನಾನು ನಾಲ್ಕನೇ ತರಗತಿ. ಯಾವ ಶಾಲೆ ಅಂತ ಬೇಡ, ಊರೊಳಗಿನದೇ. ಹದಿಮೂರರ ಮಗ್ಗಿ ಬಾರದ ಐದು ಜನರನ್ನು ಮೇಷ್ಟ್ರು ಹೊರಗೆ ಕೂರಿಸಿದರು, ನಿಮಗೆ ಆಮೇಲೆ ಬೇರೆ ಹೇಳಿಕೊಡ್ತೀನಿ ಅಂತ. ಜಾಗ ಇದ್ದದ್ದು ಕುಡಿಯುವ ನೀರಿನ ತೊಟ್ಟಿ ಪಕ್ಕ. ಪಾಚಿ ಕಟ್ಟಿದ ಕಲ್ಲು. ಕೂತರೆ ಚಡ್ಡಿ ಹಿಂದೆ ಒದ್ದೆ, ಎದ್ದರೆ ಎಲ್ಲರಿಗೂ ಕಾಣುತ್ತಿತ್ತು. ನೀರು ಕುಡಿಯಲು ಬಂದವರೆಲ್ಲ ಒಂದು ಬೊಗಸೆ ನಮ್ಮ ಮೇಲೂ ಎರಚಿ ಹೋಗುತ್ತಿದ್ದರು. ಮೇಷ್ಟ್ರು ಒಳ್ಳೆಯವರೇ, ಸುಳ್ಳು ಹೇಳಬಾರದು. ಮೊದಲ ವಾರ ದಿನಾ ಬಂದರು. ಆಮೇಲೆ ಅಪರೂಪಕ್ಕೆ. ಆಮೇಲೆ ಟೀ ತರೋಕೆ ಯಾರಾದರೂ ಬೇಕಾದರೆ 'ಲೇ ತೊಟ್ಟಿ' ಅಂತ ಕೂಗುತ್ತಿದ್ದರು. ಐದು ಜನಕ್ಕೂ ಅದೇ ಹೆಸರು.

ಲೆಕ್ಕ ನನಗೆ ಬಂತು, ಆದರೆ ಅಲ್ಲಿ ಅಲ್ಲ. ನಮ್ಮಪ್ಪನದು ಮಂಡಕ್ಕಿ ಅಂಗಡಿ. ಭಟ್ಟಿಯಿಂದ ಬಿಸಿ ಬಿಸಿ ಚೀಲ ಬರೋದು, ಅಂಗಡಿ ತುಂಬಾ ಹುರಿದ ವಾಸನೆ. ಸಂಜೆ ನನ್ನನ್ನು ಗಲ್ಲಾ ಹತ್ತಿರ ಕೂರಿಸುತ್ತಿದ್ದರು. ಅಪ್ಪ ಯಾವತ್ತೂ ಕಳೆಯುವ ಲೆಕ್ಕ ಹೇಳಿಕೊಡಲಿಲ್ಲ. 'ಆರೂವರೆ ರೂಪಾಯಿ ಆತು. ಹತ್ತರ ನೋಟು ಕೊಟ್ಟರು. ಆರೂವರೆಯಿಂದ ಏಳಕ್ಕೆ ಎಷ್ಟು? ಎಂಟಾಣೆ ಇಡು. ಏಳರಿಂದ ಹತ್ತಕ್ಕೆ? ಮೂರು ಇಡು. ಮುಗೀತು' ಅನ್ನುತ್ತಿದ್ದರು. ಕೂಡಿಕೊಂಡು ಹೋದರೆ ಚಿಲ್ಲರೆ ತಾನೇ ಬರುತ್ತದೆ. ಇವತ್ತಿಗೂ ನಾನು ಚಿಲ್ಲರೆ ಕೊಡುವುದು ಹಾಗೇ. ಗಿರಾಕಿ ಎದುರಿಗೆ ನಿಂತಿರುತ್ತಿದ್ದರಲ್ಲ, ತಪ್ಪಿದರೆ ಅಲ್ಲೇ ಗೊತ್ತಾಗುತ್ತಿತ್ತು. ಯಾರೂ ದಡ್ಡ ಅನ್ನುತ್ತಿರಲಿಲ್ಲ. 'ಎಂಟಾಣೆ ಜಾಸ್ತಿ ಕೊಟ್ಟೆಯಲ್ಲೋ ತಮ್ಮಾ' ಅಂತ ವಾಪಸ್ ಕೊಡೋರು.

ಮಾತು ಎಲ್ಲೋ ಹೋಯಿತು. ಹೇಳಬೇಕಾದ್ದು ಇಷ್ಟು. ಹೋದ ವರ್ಷ ಒಂದು ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಎದುರಿಗೆ ಕೂತವರು ನನ್ನನ್ನು ದಿಟ್ಟಿಸಿ ನೋಡಿ, 'ಏ, ನೀನು ತೊಟ್ಟಿ ಅಲ್ವೇನೋ?' ಅಂದರು. ಪಕ್ಕದಲ್ಲಿ ನನ್ನ ಹೆಂಡತಿ, ಮಗಳು. ನಗುತ್ತಾ ಹೌದು ಅಂದೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮಗ್ಗಿ ಮರೆತು ನಲವತ್ತು ವರ್ಷ ಆಯಿತು, ಹೆಸರು ಮರೆತಿಲ್ಲ ಯಾರೂ.

ಈಗ ನನ್ನ ಮಗಳದ್ದು. ಅವಳಿಗೂ ಓದು ನಿಧಾನ. ಈ ವರ್ಷ ಅವರ ಟೀಚರು ಮೂರು ಜನರನ್ನು ಸಂಜೆ ಉಳಿಸಿಕೊಂಡು ಓದಿಸುತ್ತಾರೆ. ತೊಟ್ಟಿ ಪಕ್ಕ ಅಲ್ಲ, ಒಳಗೇ, ಫ್ಯಾನ್ ಕೆಳಗೆ. ದಸರಾ ಆದ ಮೇಲಿಂದ ಅವಳು ಸ್ಕೂಟರ್ ಮೇಲೆ ಕೂತು ದಾರಿಯುದ್ದಕ್ಕೂ ಅಂಗಡಿ ಬೋರ್ಡು ಓದುತ್ತಾ ಬರುತ್ತಾಳೆ. ಪಿ.ಬಿ. ರಸ್ತೆಯಲ್ಲಿ ಒಂದು ಬೋರ್ಡೂ ಬಿಡುವುದಿಲ್ಲ. ವಿರೋಧ ಬರೆಯುವವನು ಇದನ್ನು ಹೇಳಬಾರದಿತ್ತೇನೋ.

ಆದರೆ ಇನ್ನೊಂದನ್ನೂ ಹೇಳಬೇಕು. ಹೋದ ವಾರ ನಾನು ಸ್ವಲ್ಪ ಬೇಗ ಹೋಗಿ ಗೇಟಿನ ಹತ್ತಿರ ನಿಂತಿದ್ದೆ. ಅವಳ ತರಗತಿಯ ಉಳಿದ ಮಕ್ಕಳು ಆಗ ತಾನೇ ಆಟೋ ಹತ್ತುತ್ತಿದ್ದರು. ಮನೆಗೆ ಬಂದ ಮೇಲೆ ಅವಳು ಹೇಳಿದಳು: 'ಅಪ್ಪಾಜಿ, ನಾಳೆಯಿಂದ ಆ ಆಟೋ ಹೋದ ಮೇಲೆ ಬಾ. ಅಲ್ಲಿವರೆಗೆ ಆಚೆ ರಸ್ತೆಯಲ್ಲಿ ನಿಂತಿರು.'

ಆಚೆ ರಸ್ತೆಯಲ್ಲೇ ನಿಲ್ಲುತ್ತಿದ್ದೇನೆ.