ಫ್ಯಾಮಿಲಿಗೆ ಮಾತ್ರ

ನಾವು ಅಪರಾಧಿಗಳಾಗಿದ್ದಷ್ಟು ಕಾಲ ಮಲೆನಾಡಿನಲ್ಲಿ ನಮಗೆ ರೂಮು ಸಿಗುತ್ತಿತ್ತು. ಸುಪ್ರೀಂ ಕೋರ್ಟು ನಮ್ಮದು ಅಪರಾಧವಲ್ಲ ಎಂದ ಮೇಲೆ ಸಿಗುತ್ತಿಲ್ಲ.

ನಾವು ಎಂದರೆ ನಾನು ಮತ್ತು ನನ್ನವನು. ನಮ್ಮಂಥವರ ಸುದ್ದಿ ಬಂದರೆ ಪೇಪರಿನವರು ಮೊದಲೆಲ್ಲ ಬೆನ್ನು ತಿರುಗಿಸಿ ನಿಂತ ಇಬ್ಬರ ಮಬ್ಬು ಫೋಟೊ ಹಾಕುತ್ತಿದ್ದರು. ಈಗ ಕಾಮನಬಿಲ್ಲಿನ ಬಾವುಟದ್ದು ಹಾಕುತ್ತಾರೆ. ಅಷ್ಟರಮಟ್ಟಿಗೆ ದೇಶ ಮುಂದುವರಿದಿದೆ, ಇಲ್ಲವೆನ್ನಲಾರೆ.

ದುಡ್ಡಿದ್ದ ಗೇ ಗೆಳೆಯರು ರಜೆ ಬಂತೆಂದರೆ ಬ್ಯಾಂಕಾಕ್, ಪಟ್ಟಾಯ ಅನ್ನುತ್ತಿದ್ದರು. ಬೆಂಗಳೂರಿನಲ್ಲಿ 1994ರಲ್ಲೇ ಶುರುವಾದ 'ಗುಡ್ ಆ್ಯಸ್ ಯೂ' ಗುಂಪಿನ ಗುರುವಾರದ ಸಭೆಗಳಲ್ಲಿ ಪರಿಚಯವಾದ ನಮ್ಮಂಥ ಗುಮಾಸ್ತರು, ಮೇಷ್ಟ್ರುಗಳು, ಮೆಡಿಕಲ್ ರೆಪ್‌ಗಳಿಗೆ ಪಟ್ಟಾಯ ಎಂದರೆ ಆಗುಂಬೆ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಕೆಂಪು ಬಸ್ಸು ಹತ್ತಿದರೆ ಬೆಳಗಿನ ಜಾವ ಶಿವಮೊಗ್ಗ. ಅಲ್ಲೊಂದು ಕಾಫಿ. ತುಂಗೆಯ ಗುಂಟ ತೀರ್ಥಹಳ್ಳಿ, ಅಲ್ಲಿಂದ ಮೇಲಕ್ಕೆ. ಅಲ್ಲಿ ಬಾರಿಲ್ಲ, ಡಿಸ್ಕೊ ಇಲ್ಲ, ಸಮುದ್ರವೂ ಇಲ್ಲ. ಮಳೆಯೊಂದಿತ್ತು. ಮಲೆನಾಡಿನ ಮಳೆಯಷ್ಟು ಗುಟ್ಟು ಕಾಯುವ ವಸ್ತುವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಹತ್ತು ಮಾರು ಆಚೆ ಯಾರಿದ್ದಾರೆ ಅಂತ ಕಾಣಿಸಲ್ಲ, ಏನು ಮಾತಾಡಿದರು ಅಂತ ಕೇಳಿಸಲ್ಲ. ಇಬ್ಬರು ಗಂಡಸರು ಒಂದೇ ಕೊಡೆಯಲ್ಲಿ ಮೈಗೆ ಮೈ ತಾಗಿಸಿ ನಡೆದರೆ ಬೆಂಗಳೂರಿನಲ್ಲಿ ತಿರುಗಿ ನೋಡುತ್ತಾರೆ. ಆಗುಂಬೆಯಲ್ಲಿ ಅದನ್ನು ಉಳಿತಾಯ ಎಂದುಕೊಳ್ಳುತ್ತಾರೆ.

ಲಾಡ್ಜಿನ ಮ್ಯಾನೇಜರು ಹೆಸರು ಕೇಳುತ್ತಿದ್ದರು, ಊರು ಕೇಳುತ್ತಿದ್ದರು, ಆಮೇಲೆ ಈ ಸೀಮೆಯ ಅಸಲಿ ಪ್ರಶ್ನೆ: "ಯಾರ ಕಡೆಯವ್ರು?" ಅದಕ್ಕೊಂದು ಉತ್ತರ ಕೊಟ್ಟುಬಿಟ್ಟರೆ ಮುಗಿಯಿತು. ರಿಜಿಸ್ಟರಿನ 'ಸಂಬಂಧ' ಎಂಬ ಕಾಲಮ್ಮನ್ನು ಅವರೇ ತುಂಬಿಕೊಳ್ಳುತ್ತಿದ್ದರು: ಫ್ರೆಂಡ್ಸು. ಮೆಕಾಲೆ ಸಾಹೇಬನ 1860ರ ದಂಡಸಂಹಿತೆಯ 377ನೇ ಕಲಮಿನಲ್ಲಿ ಜೀವಾವಧಿ ಶಿಕ್ಷೆಯವರೆಗೂ ದೂಡಬಹುದಾಗಿದ್ದ ಇಬ್ಬರಿಗೆ ಡಬಲ್ ಕಾಟ್, ಎರಡು ಕಂಬಳಿ, ಬೆಳಿಗ್ಗೆ ಹಂಡೆಯಿಂದ ಬಕೆಟ್ ಬಿಸಿನೀರು. ಪಕ್ಕದ ರೂಮಿಗೆ ಬಂದ ಹೊಸ ಗಂಡಹೆಂಡತಿಯನ್ನು ಮಾತ್ರ ಕೌಂಟರಿನಲ್ಲೇ ನಿಲ್ಲಿಸಿ, ಕುತ್ತಿಗೆ ಖಾಲಿ ಇದೆಯಲ್ಲ ಅಂತ ಅನುಮಾನಪಟ್ಟು, ಬ್ಯಾಗಿನ ತಳದಿಂದ ಲಗ್ನಪತ್ರಿಕೆ ತೆಗೆಸಿ, ಅದರಲ್ಲಿ ಹುಡುಗಿಯ ಗೋತ್ರ ಓದಿ, "ಓ, ಕೊಪ್ಪದ ಕಡೆಯವ್ರಾ" ಅಂದು ಕೀಲಿಕೈ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ನಾವು ಅಲ್ಲೇ ಬೆಂಚಿನ ಮೇಲೆ ಕೂತು ಸಮಾಜ ಎಲ್ಲಿಗೆ ಬಂತು ನೋಡಿ ಎಂಬಂತೆ ತಲೆಯಾಡಿಸುತ್ತಿದ್ದೆವು.

2009ರಲ್ಲಿ ದೆಹಲಿ ಹೈಕೋರ್ಟು ನಮ್ಮದು ತಪ್ಪಲ್ಲ ಅಂದಿತು. ರೂಮು ಸಿಕ್ಕಿತು. 2013ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ತಳ್ಳಿಹಾಕಿ ಮತ್ತೆ ತಪ್ಪು ಅಂದಿತು. ಆಗಲೂ ಸಿಕ್ಕಿತು, ಅದೇ ರೂಮು, ಅದೇ ತೊಟ್ಟಿಕ್ಕುವ ಮೂಲೆ. ದೆಹಲಿಯಲ್ಲಿ ನಾವು ಒಳಗೂ ಹೊರಗೂ ಓಡಾಡಿಕೊಂಡಿದ್ದರೆ ಮ್ಯಾನೇಜರ ರಿಜಿಸ್ಟರಿನಲ್ಲಿ ಏಕರೂಪದ ನ್ಯಾಯ: ಫ್ರೆಂಡ್ಸು. ಆಮೇಲೆ ಉದ್ಯೋಗ, ಮನೆಯಲ್ಲಿ ಕಾಯಿಲೆ, ಕೊರೊನಾ ಅಂತ ಬರುವುದು ನಿಂತೇಹೋಯಿತು. ಅಷ್ಟರಲ್ಲಿ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ನಮಗೆ ಸ್ವಾತಂತ್ರ್ಯ ಕೊಟ್ಟರು. ಆ ಸ್ವಾತಂತ್ರ್ಯವನ್ನು ಆಗುಂಬೆಯಲ್ಲಿ ಆಚರಿಸೋಣವೆಂದು ಈ ಆಷಾಢದಲ್ಲಿ ಹೊರಟೆವು. ಆಷಾಢವೇ ಯಾಕೆಂದರೆ, ಹೊಸ ಮದುಮಕ್ಕಳನ್ನೇ ಬೇರೆ ಬೇರೆ ಇಡುವ ತಿಂಗಳಲ್ಲಿ ರೂಮುಗಳು ಖಾಲಿ ಇರುತ್ತವೆ ಎಂಬ ನನ್ನವನ ಲೆಕ್ಕಾಚಾರ.

ಊರು ಬದಲಾಗಿದೆ, ಬದಲಾಗಲಿ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಬಂತು. ಸಿಗಂದೂರಿಗೆ ಲಾಂಚಿಗೆ ಕಾಯುವ ಸುಖದುಃಖ 2025ರಲ್ಲಿ ಸೇತುವೆಯಾಯಿತು. ನನಗೆ ಬೇಜಾರಿಲ್ಲ. ಕಂಗೆಡಿಸಿದ್ದು ಬೋರ್ಡುಗಳು. ತೀರ್ಥಹಳ್ಳಿ ದಾಟಿದ ಮೇಲೆ ಅಡಿಕೆ ತೋಟಕ್ಕೊಂದು ಹೋಂಸ್ಟೇ. ಹೋಂಸ್ಟೇಗೊಂದು ಹೆಸರು, ಹೆಸರಿನಲ್ಲಿ ಎಲ್ಲಾದರೂ 'ಮಂಜು', 'ಹಸಿರು' ಅಥವಾ 'ವೈಬ್ಸ್'. ಅದರ ಕೆಳಗೆ ಕೆಂಪಕ್ಷರದಲ್ಲಿ: ಫ್ಯಾಮಿಲಿಗೆ ಮಾತ್ರ. ಇನ್ನೊಂದರಲ್ಲಿ: ಬ್ಯಾಚುಲರ್ಸ್‌ಗೆ ಪ್ರವೇಶವಿಲ್ಲ. ಮತ್ತೊಂದರಲ್ಲಿ 'ಸ್ಟ್ಯಾಗ್ಸ್ ನಾಟ್ ಅಲೋಡ್', ಅಂದರೆ ಹೆಂಗಸರಿಲ್ಲದ ಗಂಡಸರು ಬರಬೇಡಿ, ಅಂತ ಕನ್ನಡದಲ್ಲೇ ಬರೆಸಿ, ಪಕ್ಕದಲ್ಲಿ ಒಂದು ಕಡವೆಯ ಚಿತ್ರ ಬಿಡಿಸಿ ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಕಡವೆಗಳಿಗೆ ಇದು ತಲುಪಿದೆಯೋ ಇಲ್ಲವೋ.

ಮೊದಲನೆಯದಕ್ಕೆ ಫೋನು ಹಚ್ಚಿದೆ.

"ಎಷ್ಟ್ ಜನ ಸಾರ್?"

"ಇಬ್ಬರು."

"ಕಪಲ್ಲಾ?"

ಜೀವಮಾನದಲ್ಲಿ ಮೊದಲ ಸಲ ಒಬ್ಬರು ಬಾಯಿಬಿಟ್ಟು ಕೇಳಿದ್ದರು. ಎದೆಯುಬ್ಬಿಸಿ ಹೌದು ಅಂದೆ.

"ಮೇಡಂದು ಆಧಾರ್ ವಾಟ್ಸ್ಯಾಪ್ ಮಾಡಿ."

"ಮೇಡಂ ಇಲ್ಲ. ಇಬ್ಬರೂ ಗಂಡಸರು."

"ಓ, ಬ್ಯಾಚುಲರ್ಸು! ಬ್ಯಾಚುಲರ್ಸಿಗೆ ಕೊಡಲ್ಲ ಮಾರಾಯ್ರೆ."

"ಇಬ್ಬರಿಗೂ ಐವತ್ತು ದಾಟಿದೆ. ನನಗೆ ಶುಗರು, ಅವನಿಗೆ ಬೀಪಿ. ಒಂಬತ್ತಕ್ಕೆ ಮಾತ್ರೆ ನುಂಗಿ ಮಲಗುವವರು."

"ಹಂಗಾದ್ರೆ ಇನ್ನೂ ಮದ್ವೆ ಎಂತಕ್ಕೆ ಆಗ್ಲಿಲ್ಲ?"

ಇದನ್ನು ನನ್ನನ್ನು ಕೇಳಿ ಏನು ಪ್ರಯೋಜನ? 2023ರ ಅಕ್ಟೋಬರ್ 17ರಂದು ಅದೇ ಸುಪ್ರೀಂ ಕೋರ್ಟು, ಮದುವೆ ಮೂಲಭೂತ ಹಕ್ಕಲ್ಲ, ನಿಮ್ಮ ಮದುವೆಗೆ ಕಾನೂನು ಬೇಕಿದ್ದರೆ ಅದು ಶಾಸಕಾಂಗದ ಕೆಲಸ ಎಂದು ಕೈತೊಳೆದುಕೊಂಡಿತು. ಸರ್ಕಾರವೋ, ನಿಮ್ಮದು ಪೇಟೆಯ ಶೋಕಿ ಎಂಬಂತೆ ವಾದ ಮಾಡಿತ್ತು. ಅಂದರೆ ಹೋಂಸ್ಟೇಯವರು ಕೇಳುವ ಸರ್ಟಿಫಿಕೇಟು ಭಾರತ ದೇಶದ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ನಮಗೆ ಹುಟ್ಟುವುದಿಲ್ಲ. ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ ಹುಟ್ಟುತ್ತದೆ. ಆಗುಂಬೆಯಲ್ಲಿ ಒಂದು ರಾತ್ರಿ ಮಲಗಬೇಕೆಂದರೆ ನಾವು ಪಟ್ಟಾಯಕ್ಕೆ ಹೋಗಿ ಮದುವೆಯಾಗಿ ಬರಬೇಕು ಅನ್ನುವಲ್ಲಿಗೆ ಬಂತು.

ಫೋನಿನ ಮೇಲೆ ಫೋನು ಮಾಡಿದಂತೆ 'ಫ್ಯಾಮಿಲಿ' ಎಂಬುದರ ಶಾಸ್ತ್ರ ನನಗೆ ಮೆಲ್ಲಮೆಲ್ಲಗೆ ಅರ್ಥವಾಯಿತು. ಇಬ್ಬರು ಗಂಡಸರು ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅನ್ನ ಬೇಯಿಸಿಕೊಂಡಿದ್ದರೂ ಬ್ಯಾಚುಲರ್ಸು. ಅದೇ ಇಬ್ಬರ ಜೊತೆ ಒಬ್ಬ ಹೆಂಗಸು ಸೇರಿದರೆ ತಕ್ಷಣ ಫ್ಯಾಮಿಲಿ. "ಒಬ್ರಾದ್ರೂ ಲೇಡೀಸ್ ಇದ್ರೆ ಎಂತಾರು ಮಾಡ್ಬೌದಿತ್ತು ಸಾರ್" ಅಂತ ಒಬ್ಬರು ಮನಸಾರೆ ಮರುಗಿದರು. ಆಕೆ ಇಬ್ಬರಲ್ಲಿ ಯಾರ ಕಡೆಯವರು ಅಂತ ಅವರು ಕೇಳುವವರಿರಲಿಲ್ಲ. ಇಬ್ಬರು ಹೆಂಗಸರೇ ಆದರೆ ಅಕ್ಕತಂಗಿಯರು. ಲೆಸ್ಬಿಯನ್ ಗೆಳತಿಯರಿಬ್ಬರು ಕಳೆದ ಮಳೆಗಾಲದಲ್ಲಿ ಒಂದೇ ಫೋನಿಗೆ ರೂಮು ಹಿಡಿದು, ಮನೆಯೊಡತಿಯ ಕೈಯಿಂದ ಹಲಸಿನ ಹಪ್ಪಳದ ಕಟ್ಟನ್ನೂ ಕಟ್ಟಿಸಿಕೊಂಡು ಬಂದರು. ಒಬ್ಬ ಗಂಡ, ಒಬ್ಬ ಹೆಂಡತಿ, ಆಕೆಯ ಅಣ್ಣತಮ್ಮಂದಿರು, ಡಿಕ್ಕಿಯಲ್ಲಿ ಎರಡು ಕ್ರೇಟು, ಆಳೆತ್ತರದ ಸ್ಪೀಕರು: ಇದು ಸುಸಂಸ್ಕೃತ ಫ್ಯಾಮಿಲಿ. ರಾತ್ರಿ ಎರಡರವರೆಗೆ ತೋಟದ ಕಪ್ಪೆಗಳ ಬಾಯಿ ಮುಚ್ಚಿಸುವ ಹಾಡು ಹಾಕಿ ಕುಣಿಯಲು ಇವರಿಗೆ ಪರವಾನಗಿ ಇದೆ.

ಮಾಲೀಕರದ್ದು ಸುಳ್ಳು ಭಯವೇನಲ್ಲ. ಕುಡಿದ ಹುಡುಗರ ಗ್ಯಾಂಗು ಹಳ್ಳದ ಬಂಡೆಗೆ ಬಾಟಲಿ ಒಡೆದು ಹೋದರೆ ಮರುದಿನ ಅಲ್ಲಿಗೆ ಇಳಿಯುವುದು ಅವರ ದನ, ಅವರ ಮಕ್ಕಳು. ಅಡಿಕೆಗೆ ಕೊಳೆ, ಎಲೆಚುಕ್ಕಿ ಎರಡೂ ಹತ್ತಿ ಹೈರಾಣಾದವರು ಹೋಂಸ್ಟೇ ಮಾಡಿಕೊಂಡರೆ ಅದಕ್ಕೂ ಈ ರೋಗ. ಜೊತೆಗೆ, ಘಟ್ಟದ ಕೆಳಗೆ 2012ರಲ್ಲಿ ಹೋಂಸ್ಟೇಗೆ ನುಗ್ಗಿ ಹುಡುಗ ಹುಡುಗಿಯರನ್ನು ಹೊಡೆದ ಸಂಸ್ಕೃತಿರಕ್ಷಕರ ನೆನಪು ಘಟ್ಟದ ಮೇಲೂ ಇದೆ. ಹೀಗಾಗಿ ಹುಡುಗ ಹುಡುಗಿ ಬಂದರೆ ಕಷ್ಟ, ಹುಡುಗರೇ ಬಂದರೆ ನಷ್ಟ. ಹೊಟ್ಟೆ ಹೊತ್ತ, ಕನ್ನಡಕ ಹಾಕಿದ ನಾವಿಬ್ಬರು ಆ ಬಾಟಲಿ ಹುಡುಗರ ಖಾತೆಗೆ ಜಮೆಯಾದೆವು.

ನನ್ನ ಸಿಟ್ಟು ಇರುವುದು ಇಲ್ಲೇ. ನೀವು ಗೇ, ನಡೀರಿ ಆಚೆ ಅಂತ ಯಾರಾದರೂ ಅಂದಿದ್ದರೆ ಮರ್ಯಾದೆಯಾಗಿ ಒಂದು ಜಗಳ ಆಡಬಹುದಿತ್ತು. ವಕೀಲರ ನೋಟಿಸು ಕೊಡಬಹುದಿತ್ತು, ಫೇಸ್‌ಬುಕ್ಕಿನಲ್ಲಿ ನಾಲ್ಕು ಪ್ಯಾರಾ ಬರೆಯಬಹುದಿತ್ತು, ಬೆಂಗಳೂರಿನ ಪ್ರೈಡ್ ಮೆರವಣಿಗೆಯಲ್ಲಿ ಒಂದು ಫಲಕ ಹೆಚ್ಚಾಗುತ್ತಿತ್ತು. ಅಷ್ಟು ವರ್ಷದ ಹೋರಾಟ, ಅಷ್ಟು ದಪ್ಪದ ತೀರ್ಪು, ಇಷ್ಟೆಲ್ಲ ಆದ ಮೇಲೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮನ್ನು ಹೊರಗಟ್ಟಿದ್ದು ಬ್ಯಾಚುಲರ್ ಅಂತ! ತಾರತಮ್ಯ ಮಾಡುವಷ್ಟು ಗೌರವವನ್ನೂ ನಮಗೆ ಕೊಡಲಿಲ್ಲ. ಪ್ರವಾಸೋದ್ಯಮ ಇಲಾಖೆ 'ಒಂದು ರಾಜ್ಯ, ಹಲವು ಜಗತ್ತು' ಅಂತ ಇಷ್ಟು ಕಾಲ ಹಾಡಿಕೊಂಡು ಬಂದಿದೆ. ಆ ಹಲವರಲ್ಲಿ ನಮ್ಮದು ಸರ್ವೆಗೇ ಬಂದಿಲ್ಲ.

ರೂಮು ಸಿಗದಿದ್ದರೆ ಹಾಳಾಗಲಿ ಅಂತ ಜೋಗಕ್ಕೆ ಹೋದೆವು. ಶರಾವತಿ ಮೈತುಂಬಿ 253 ಮೀಟರ್ ಕೆಳಗೆ ದುಮುಕುತ್ತಿದ್ದಳು. ವ್ಯೂ ಪಾಯಿಂಟಿನಲ್ಲಿ ಜೋಡಿಗಳ ಜಾತ್ರೆ. ಪ್ರತಿ ಜೋಡಿಯೂ ರಾಜ, ರಾಣಿ ಹಿನ್ನೆಲೆಯಲ್ಲಿ ಬರಬೇಕು ಅಂತ ಫೋಟೊದವನ ತಲೆ ತಿನ್ನುತ್ತಿತ್ತು. ಜೋಗವನ್ನು ದಾಂಪತ್ಯದ ಸಂಕೇತ ಅಂತ ಇವರಿಗೆಲ್ಲ ಯಾರು ಹೇಳಿದರೋ. ಕಣ್ಣಿದ್ದವರು ಸ್ವಲ್ಪ ನೋಡಿ. ರಾಜ ಒಂದು ತುದಿ, ರಾಣಿ ಇನ್ನೊಂದು ತುದಿ. ನಡುವೆ ರೋರರ್, ರಾಕೆಟ್. ರಾಣಿ ತನ್ನ ಪಾಡಿಗೆ ಬಂಡೆಯ ಮೇಲೆ ನೊರೆಯ ಸೆರಗು ಹಾಸಿಕೊಂಡು ಇಳಿಯುತ್ತಾಳೆ, ಅತ್ತ ತಿರುಗಿಯೂ ನೋಡುವುದಿಲ್ಲ. ಗರ್ಜಿಸಿಕೊಂಡು ಅಡ್ಡಡ್ಡ ನುಗ್ಗಿ ಬಂದು ಅರ್ಧ ದಾರಿಯಲ್ಲಿ ರಾಜನನ್ನು ಸೇರಿಕೊಳ್ಳುವವನು ರೋರರ್. ಇಬ್ಬರೂ ಒಂದಾಗಿ ಕೆಳಗೆ ಬೀಳುವುದನ್ನು ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು ತೋರಿಸುತ್ತಾರೆ. ಇದುವರೆಗೆ ಯಾರೂ ಆಧಾರ್ ಕೇಳಿಲ್ಲ.

ಇದೇ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಬಯಲಿನಲ್ಲಿ ಯಕ್ಷಗಾನದ ಆಟ. ಗಂಡಸೊಬ್ಬ ಮೋಹಿನಿಯಾಗಿ ಕಣ್ಣು ಕುಣಿಸಿದರೆ ಭಸ್ಮಾಸುರನಾದ ಇನ್ನೊಬ್ಬ ಗಂಡಸು ಕರಗಿ ನೀರಾಗುತ್ತಾನೆ, ಎದುರು ಕುರ್ಚಿಯಲ್ಲಿ ಕೂತ ಊರ ಗೌಡರು, ಹೆಗಡೆಯವರು ಅವನಿಗಿಂತ ಮೊದಲೇ ಕರಗಿರುತ್ತಾರೆ. ಬೆಳಗಿನವರೆಗೆ ಒಂದು ರೆಪ್ಪೆ ಮಿಟುಕುವುದಿಲ್ಲ. ಸ್ತ್ರೀವೇಷ ಚೆನ್ನಾಗಿತ್ತು ಅಂತ ಚೌಕಿಗೇ ಹೋಗಿ ಹೇಳಿ ಬರುವ ರಸಿಕರು ಅವರು. ಹಾಗೆ ಮೆಚ್ಚಿದ ಗೌಡರ ಮಗನದ್ದೇ ನಾನು ನೋಡಿದ ಒಂದು 'ಫ್ಯಾಮಿಲಿಗೆ ಮಾತ್ರ'.

ಕೊನೆಗೆ ರೂಮು ಸಿಕ್ಕಿದ್ದು ನನ್ನವನ ತಲೆಯಿಂದ. ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಕಾಳಿಂಗ ಸರ್ಪದ ಹಿಂದೆ ಬಿದ್ದ ಗಡ್ಡದವರು, ಕ್ಯಾಮೆರಾದವರು ವರ್ಷವಿಡೀ ಬರುತ್ತಿರುತ್ತಾರೆ. ಮುಂದಿನ ಹೋಂಸ್ಟೇಯಲ್ಲಿ ಅವನು ಬ್ಯಾಚುಲರ್ ಎಂಬ ಮಾತಿಗೆ ಅವಕಾಶವನ್ನೇ ಕೊಡದೆ, "ನಾವು ಕಾಳಿಂಗದ ಸ್ಟಡಿಗೆ ಬಂದವರು" ಅಂದ. ಅನುಮಾನ ಬಾರದಿರಲಿ ಅಂತ, ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಎಂದು 2024ರಲ್ಲಿ ಪ್ರಕಟವಾಗಿದ್ದನ್ನೂ, ಅದರ ವೈಜ್ಞಾನಿಕ ಹೆಸರಿನಲ್ಲೇ 'ಕಾಳಿಂಗ' ಎಂಬ ನಮ್ಮ ಮಾತು ಕೂತಿರುವುದನ್ನೂ ಒಂದೇ ಉಸಿರಿನಲ್ಲಿ ಸೇರಿಸಿದ. ಮಾಲೀಕರು ಚಪ್ಪಲಿ ಬಿಟ್ಟು ನಿಂತರು. ಸೈಂಟಿಸ್ಟುಗಳಿಗೆ ಆಧಾರ್ ಬೇಡ, ಲೇಡೀಸ್ ಬೇಡ, ಬಾಡಿಗೆಯಲ್ಲಿ ರಿಯಾಯಿತಿ. ರಾತ್ರಿ ಕಡುಬು, ಕಳಲೆ ಪಲ್ಯ. ಡಬಲ್ ಕಾಟೇ. "ಒಂದೇ ಸಾಕಾ ಸಾರ್, ಹಾವಿನ ಸಾಮಾನು ಇಡಕ್ಕೆ ಇನ್ನೊಂದು ರೂಮು ಕೊಡ್ಲಾ?" ಅಂದರು. ಹಾವಿನ ಸಾಮಾನು ಎಂದರೆ ನನ್ನ ಇನ್ಸುಲಿನ್ ಡಬ್ಬಿ.

ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಮಾಲೀಕರು ಮೊಬೈಲಿನಲ್ಲೊಂದು ವೀಡಿಯೊ ತೋರಿಸಿದರು. ಅವರದೇ ತೋಟದ ಅಂಚು, ಎರಡು ಕೇರೆ ಹಾವು. ಬಾಲದಿಂದ ಕತ್ತಿನವರೆಗೆ ಹಗ್ಗದಂತೆ ಹೆಣೆದುಕೊಂಡು, ನೆಲದಿಂದ ಮೇಲೆದ್ದು, ಮತ್ತೆ ಬಿದ್ದು, ಮತ್ತೆ ಏಳುತ್ತಿದ್ದವು. ಸುತ್ತ ಮನೆಮಂದಿಯೆಲ್ಲ ಕೈಮುಗಿದು ನಿಂತಿದ್ದರು. ಅಜ್ಜಿಯೊಬ್ಬರು ಬಿಳಿ ಪಂಚೆ ಹಿಡಿದುಕೊಂಡು, ಮೇಲೆ ಹಾಕಿದರೆ ಒಳ್ಳೇದಾಗುತ್ತದೆ ಅಂತ ಹತ್ತಿರ ಹತ್ತಿರ ಹೋಗುತ್ತಿದ್ದರು.

"ಗಂಡಹೆಂಡ್ತಿ ಎಷ್ಟ್ ಚಂದ ಅಲ್ದಾ ಸಾರ್? ನಾಲ್ಕು ಲಕ್ಷ ಜನ ನೋಡಿದಾರೆ."

ವಿಜ್ಞಾನಿಯ ವೇಷ ಹಾಕಿದ ಮೇಲೆ ವಿಜ್ಞಾನಕ್ಕೆ ದ್ರೋಹ ಮಾಡಲಾದೀತೇ. ನನ್ನವನು ಗಂಟಲು ಸರಿಮಾಡಿಕೊಂಡು, ಇದು ಮಿಲನ ಅಲ್ಲ, ಹೀಗೆ ಹೆಣೆದುಕೊಂಡು ಏಳುವುದು ಸಾಮಾನ್ಯವಾಗಿ ಎರಡು ಗಂಡು ಹಾವುಗಳೇ, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತುವ ಕುಸ್ತಿ, ಕಾಳಿಂಗಗಳೂ ಹೀಗೇ ಮಾಡುತ್ತವೆ ಎಂದು ಬಿಡಿಸಿ ಹೇಳಿದ.

ಮಾಲೀಕರು ವೀಡಿಯೊವನ್ನು ನಿಲ್ಲಿಸಿ, ದೊಡ್ಡದು ಮಾಡಿ, ಇನ್ನೊಮ್ಮೆ ನೋಡಿದರು.

"ಹೌದಾ ಮಾರಾಯ್ರೆ? ಇಬ್ರೂ ಬ್ಯಾಚುಲರ್ಸಾ?"