ವರ್ಷದ ಫೋಟೊಗಳಿಗೆ ಯಾರೂ ಕೇಳದ ಸಂಗೀತವೇ ಸರಿ

ಡಿಸೆಂಬರ್ ಕೊನೆಗೆ ಫೋನು ತಾನಾಗೇ ಒಂದು ವಿಡಿಯೊ ಮಾಡಿ ಕೊಡುತ್ತದಲ್ಲ, ವರ್ಷದ ಫೋಟೊಗಳನ್ನೆಲ್ಲ ಜೋಡಿಸಿ, ಹಿಂದೆ ಚಪ್ಪಾಳೆ ಹೊಡೆಯುವಂಥ ಒಂದು ಮ್ಯೂಸಿಕ್ ಹಾಕಿ? ಅದು ನನಗೆ ಸುತರಾಂ ಇಷ್ಟವಿಲ್ಲ. ಈ ಸಲದ್ದನ್ನು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವ್ವನ ಮಂಡಿಯ ಎಕ್ಸ್‌ರೇ ನಿಧಾನವಾಗಿ ದೊಡ್ಡದಾಗುತ್ತಾ ಬಂತು, ಹಿಂದೆ ಖುಷಿಖುಷಿಯ ಗಿಟಾರು. ಅದಾದ ಮೇಲೆ ಗ್ಯಾಸ್ ಬುಕ್ ಮಾಡಿದ ಸ್ಕ್ರೀನ್‌ಶಾಟ್. ಸೆಪ್ಟೆಂಬರಿಗೆ ನಮ್ಮ ತಾತ ಬಂದರು. ತಾತ ತೀರಿಕೊಂಡು ಎಷ್ಟೋ ವರ್ಷ ಆಯಿತು.

ತಾತ ಬಂದ ಕಾರಣ ಸರಳ. ಅವರ ಹಳೇ ಫೋಟೊ ಒಂದನ್ನು ಅಕ್ಕ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಅದನ್ನು ಯಾವಾಗ, ಎಲ್ಲಿ ತೆಗೆದದ್ದು ಅನ್ನುವ ಮಾಹಿತಿ ಉದುರಿಹೋಗುತ್ತದೆ. ಬಂದ ದಿನವನ್ನೇ ಫೋನು ಹುಟ್ಟಿದ ದಿನ ಅಂದುಕೊಳ್ಳುತ್ತದೆ. ಹಾಗಾಗಿ ನನ್ನ ವರ್ಷದ ಅರ್ಧಕ್ಕರ್ಧ ಬೇರೆಯವರ ವರ್ಷಗಳು.

ಇನ್ನುಳಿದ ಅರ್ಧದಲ್ಲಿ ಅರಮನೆ ದೀಪದ್ದೇ ರಾಶಿ. ಮೈಸೂರಿನಲ್ಲಿರುವವರಿಗೆ ಇದು ತಪ್ಪಿದ್ದಲ್ಲ. ನೆಂಟರು ಬಂದರೆ ಭಾನುವಾರ ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಲೇಬೇಕು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಂಡ ಕೂಡಲೇ ಎಲ್ಲರ ಕೈಯೂ ಮೇಲೇಳುತ್ತದೆ, ನನ್ನದೂ. 1912ರಲ್ಲಿ ಕಟ್ಟಿ ಮುಗಿಸಿದ ಅರಮನೆ, ಹೋದ ವರ್ಷವೂ ಹಾಗೇ ಇತ್ತು, ಮುಂದಿನ ವರ್ಷವೂ ಹಾಗೇ ಇರುತ್ತದೆ. ಆ ಫೋಟೊಗಳನ್ನು ಕಲಸಿ ಮುಂದಿಟ್ಟರೆ ಯಾವುದು ಯಾವ ವರ್ಷದ್ದು ಅಂತ ಹೇಳುವುದು ನನ್ನಿಂದಂತೂ ಆಗದು.

ಎಲ್ಲರಿಗೂ ಗೊತ್ತಿರುವ ಹಾಡಿನ ಕಥೆಯೂ ಇದೇ ಅಂತ ನನ್ನ ವಾದ. ಒಂದು ಹಿಟ್ ಹಾಡು ಅಂದರೆ ಅದು ಯಾರದೋ ಮದುವೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ, ಬೆಂಗಳೂರಿನ ಬಸ್ಸಿನಲ್ಲಿ, ಪಕ್ಕದ ಮನೆ ಹುಡುಗನ ರಿಂಗ್‌ಟೋನಿನಲ್ಲಿ, ಎಲ್ಲಾ ಕಡೆ ಬಳಸಿ ಸವೆದದ್ದು. ಒಂದು ನೆನಪಿನ ಮೇಲೆ ಇನ್ನೊಂದು ಕೂತು ಕೊನೆಗೆ ಯಾವುದೂ ನಿಲ್ಲುವುದಿಲ್ಲ. ಯಾರೂ ಕೇಳದ ಹಾಡಿಗೆ ಆ ಕಾಟವಿಲ್ಲ. ಮೊದಲ ಸಲ ಎಲ್ಲಿ ಕೇಳಿದೆವೋ ಅಲ್ಲೇ ಅಂಟಿಕೊಳ್ಳುತ್ತದೆ. ಅದಕ್ಕೇ ಈಗ ನಾನು ವರ್ಷದ ಫೋಟೊಗಳನ್ನು ನೋಡುವಾಗ ಫೋನಿನ ಮ್ಯೂಸಿಕ್ ಬಂದ್ ಮಾಡಿ, ಆ ವರ್ಷ ಹೊಸದಾಗಿ ಕೇಳಿದ್ದನ್ನು ಹಾಕಿಕೊಂಡು ನೋಡುತ್ತೇನೆ. ಫೋಟೊಗಳೂ ಅಷ್ಟೇ, ಪೋಸು ಕೊಟ್ಟವನ್ನು ಬಿಟ್ಟು ಸುಮ್ನೆ ಅಕಸ್ಮಾತ್ ಬಿದ್ದವನ್ನು ಆರಿಸಿಕೊಳ್ಳುತ್ತೇನೆ.

ಸಂಕ್ರಾಂತಿಯಿಂದ ಶುರು ಮಾಡುತ್ತೇನೆ. ಮಳವಳ್ಳಿ ಕಡೆಯ ನನ್ನ ಹೆಂಡತಿಯ ಊರಲ್ಲಿ ಕಿಚ್ಚು ಹಾಯಿಸಿದ ಸಂಜೆಯ ಫೋಟೊ. ಫೋಟೊ ಅನ್ನುವುದೂ ಜಾಸ್ತಿ ಆಯಿತು. ಹೊಗೆ, ಬೆಂಕಿಯ ಕೆಂಪು, ಮೂಲೆಯಲ್ಲಿ ಬಣ್ಣ ಬಳಿದ ಒಂದೇ ಒಂದು ಕೊಂಬು. ಎತ್ತು ಆಗಲೇ ದಾಟಿ ಹೋಗಿತ್ತು. ಆ ರಾತ್ರಿ ಬಾಮೈದ ಅಂಗಿ ಜೇಬಿನಿಂದ ಪುಟಾಣಿ ಮೆಮೊರಿ ಕಾರ್ಡ್ ತೆಗೆದು ಕೊಟ್ಟ. “ತಕಳಿ ಭಾವ, ರಾತ್ರಿಯೆಲ್ಲ ಕೇಳಿದ್ರೂ ಮುಗಿಯಾಕಿಲ್ಲ” ಅಂದ.

ಅದರಲ್ಲಿದ್ದದ್ದು ತಂಬೂರಿ ಪದ. ನೀಲಗಾರರು ಅನ್ನುವ ಜನಪದ ಗಾಯಕರು ಹಾಡುವ, ಸಂತ ಮಂಟೇಸ್ವಾಮಿಯ ಕಥೆ. ಯಾವುದೋ ಜಗಲಿಯ ಮೇಲೆ ಯಾರೋ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡದ್ದು. ತಂಬೂರಿ ಒಂದೇ ಸಮನೆ ಜುಮ್ಮೆನ್ನುತ್ತದೆ, ಅದರ ಮೇಲೆ ಗಗ್ಗರದ ಸದ್ದು. ಹಾಡುವವರ ಗಂಟಲು ಒಡೆದಿದೆ, ಆದರೂ ಬಿಡುವುದಿಲ್ಲ. ಕಥೆ ಬಿಸಿಯಾಗುತ್ತಿರುವಾಗಲೇ ಯಾರೋ ಟೀ ತರಲು ಕೂಗುತ್ತಾರೆ, ಲೋಟ ಕುಕ್ಕಿದ ಶಬ್ದ, ಹಾಡುವವರು ಒಂದು ಗುಟುಕು ಕುಡಿಯುತ್ತಾರೆ, ಹಿಮ್ಮೇಳದವರು ಅಷ್ಟು ಹೊತ್ತು ರಾಗ ಹಿಡಿದು ನಿಲ್ಲುತ್ತಾರೆ. ಕೊನೆಯ ಫೈಲಿನಲ್ಲಿ ಕೋಳಿ ಕೂಗುತ್ತದೆ. ಸ್ಟುಡಿಯೊದಲ್ಲಿ ಮಾಡಿದ್ದರೆ ಇದನ್ನೆಲ್ಲ ಕತ್ತರಿಸಿ ಹಾಕುತ್ತಿದ್ದರು. ಈಗ ಆ ಕೊಂಬಿನ ಫೋಟೊ ತೆಗೆದರೆ ನನಗೆ ಆ ಲೋಟದ ಶಬ್ದವೂ ಕೇಳಿಸುತ್ತದೆ.

ಏಪ್ರಿಲ್, ಮೇ ಬಗ್ಗೆ ಹೇಳುವಂಥದ್ದು ಏನಿಲ್ಲ. ಸೆಕೆ, ಮಾವಿನಹಣ್ಣು, ಮಗಳ ಅಡ್ಮಿಷನ್ನಿನ ರಸೀದಿಗಳು. ದೇವರಾಜ ಮಾರ್ಕೆಟ್ಟಿನಲ್ಲಿ ನಂಜನಗೂಡು ರಸಬಾಳೆ ಸಿಕ್ಕ ಖುಷಿಗೆ ಒಂದು ಫೋಟೊ.

ಆಮೇಲೆ ಅವ್ವನ ಮಂಡಿ ಆಪರೇಷನ್. ಆ ದಿನಗಳಲ್ಲಿ ನಾನು ತೆಗೆದದ್ದು ಆಸ್ಪತ್ರೆಯ ಟೋಕನ್ ಬೋರ್ಡಿನ ಫೋಟೊ ಒಂದೇ. ಕೆಂಪು ಅಂಕಿಗಳು, ಕೆಳಗೆ ಮುರಿದ ಕುರ್ಚಿ. ತೆಗೆದದ್ದು ಯಾಕೆ ಅಂತ ಈಗ ನೆನಪಿಲ್ಲ. ಆದರೆ ಕಿವಿಯಲ್ಲಿ ಏನಿತ್ತು ಅಂತ ಚೆನ್ನಾಗಿ ನೆನಪಿದೆ: ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯನ್ನನ ಪಿಯಾನೊ.

ಮೈಸೂರಿನವರಿಗೆ ಈ ಹೆಸರು ಗೊತ್ತಿರಬೇಕಿತ್ತು, ಅಲ್ವಾ? ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದ, ವಯಸ್ಸಾಗಿ ಕಾಯಿಲೆ ಬಿದ್ದಿದ್ದ ಈ ಸಂಗೀತಗಾರನನ್ನು ಜಗತ್ತು ಹೆಚ್ಚುಕಡಿಮೆ ಮರೆತೇ ಬಿಟ್ಟಿತ್ತು. ಅವನ ಸಂಗೀತವನ್ನು ಅವನ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. 1940ರ ದಶಕದ ಕೊನೆಯ ಮಾತು. ಆ ಕೆಲಸ ಶುರುವಾದಾಗ ಒಡೆಯರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು, ಅಂದರೆ ಪಿಯಾನೊ ಜೊತೆ ಇಡೀ ವಾದ್ಯವೃಂದ ನುಡಿಸುವ ದೊಡ್ಡ ರಚನೆಯನ್ನು, ಮೈಸೂರು ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಇದೇ ಒಡೆಯರು ಇತ್ತ ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ಕಟ್ಟಿದರು. ಅದನ್ನು ಹಾಡುವವರು ಇದ್ದಾರೆ. ಮೆಟ್ನರ್ ಬಗ್ಗೆ ನಮ್ಮೂರಲ್ಲಿ ಮಾತಾಡುವವರು ಕಡಿಮೆ.

ಯೂಟ್ಯೂಬಿನಲ್ಲಿ ಆ ಹಳೇ ರೆಕಾರ್ಡಿಂಗ್ ಸಿಗುತ್ತದೆ. ಮುಳ್ಳು ಉಜ್ಜಿದ ಕರಕರ ಸದ್ದು ಸಮೇತ. ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷ ಅಷ್ಟೇ. ಅರ್ಧ ಗಂಟೆ ಮೀರಿದ ಸಂಗೀತವನ್ನು ತುಂಡು ತುಂಡು ಮಾಡಿ ತುಂಬಬೇಕಿತ್ತು. ನನಗೆ ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲ. ಎಲ್ಲಿ ಯಾವ ಸ್ವರ ಬಂತು ಅಂತ ಹೇಳಲಾರೆ. ಆದರೆ ಅವನ ಚಿಕ್ಕ ಪಿಯಾನೊ ತುಣುಕುಗಳಿವೆ, ಅವಕ್ಕೆ ‘ಕಥೆಗಳು’ ಅಂತಲೇ ಹೆಸರಿಟ್ಟಿದ್ದಾನೆ. ಒಂದು ಕಥೆ ಮುಗಿಯುವಷ್ಟರಲ್ಲಿ ಬೋರ್ಡಿನ ಮೇಲೆ ಒಂದು ನಂಬರು ಮುಂದೆ ಹೋಗುತ್ತಿತ್ತು. ಕೆಲವು ಸಲ ಹೋಗುತ್ತಿರಲಿಲ್ಲ. ಅವ್ವ ಈಗ ಮೆಟ್ಟಿಲು ಹತ್ತುತ್ತಾಳೆ. ಆದರೂ ಆ ಕರಕರ ಸದ್ದು ಕೇಳಿದರೆ ಡೆಟಾಲ್ ವಾಸನೆ ಬರುತ್ತದೆ. ಹಿಟ್ ಹಾಡಿನ ಕೈಲಿ ಇದು ಆಗುವ ಕೆಲಸವೇ?

ಇದನ್ನು ಹೇಳಿದರೆ ಆಫೀಸಿನ ಗೆಳೆಯ ಒಬ್ಬ, “ಯಾರಿಗೂ ಗೊತ್ತಿಲ್ಲದ್ದು ಕೇಳ್ತೀನಿ ಅನ್ನೋ ಸ್ಟೈಲು ನಿಂದು, ಅಷ್ಟೇ ಕಣಯ್ಯ” ಅಂದ. ನಾನು ಒಪ್ಪುವುದಿಲ್ಲ. ತಂಬೂರಿ ಪದ ಮಳವಳ್ಳಿ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ರಾತ್ರಿಯಿಡೀ ಕೂತು ಕೇಳುವ ಜನ ಇದ್ದಾರೆ. ಅದು ಇಲ್ಲದಿರುವುದು ನನ್ನ ಫೋನು ಕೊಡುವ ಲಿಸ್ಟಿನಲ್ಲಿ ಮಾತ್ರ. ಹಾಗೆ ನೋಡಿದರೆ ಸ್ಟೈಲು ಆ ಲಿಸ್ಟಿನದ್ದೇ.

ದಸರಾದಲ್ಲೂ ಹಾಗೇ ಆಯಿತು. ಪೊಲೀಸ್ ಬ್ಯಾಂಡಿನವರು ಅರಮನೆ ಮುಂದೆ ನುಡಿಸುವಾಗ ಜನರೆಲ್ಲ ಬೆನ್ನು ತಿರುಗಿಸಿ ಸೆಲ್ಫಿಯಲ್ಲಿದ್ದರು. ಕ್ಲಾರಿನೆಟ್, ಸ್ಯಾಕ್ಸೋಫೋನ್ ಹಿಡಿದು ತ್ಯಾಗರಾಜರ ಕೃತಿ ನುಡಿಸುವ ಬ್ಯಾಂಡು ಇನ್ನೆಲ್ಲಿ ಸಿಗುತ್ತದೆ? ಕದ್ರಿ ಗೋಪಾಲನಾಥ್ ಹುಡುಗರಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿಯೇ ಅದರ ಹಿಂದೆ ಬಿದ್ದದ್ದು. ಆ ಸಂಜೆಯ ನನ್ನ ಫೋಟೊದಲ್ಲಿ ಅರಮನೆ ಇಲ್ಲ. ಬ್ಯಾಂಡಿನವರೊಬ್ಬರ ಬೂಟು ಇದೆ, ತಾಳಕ್ಕೆ ಎದ್ದ ಹಿಮ್ಮಡಿ ಇದೆ. ಇಡೀ ರಾಶಿಯಲ್ಲಿ ವರ್ಷ ಹೇಳಬಲ್ಲ ದಸರಾ ಫೋಟೊ ಇದೊಂದೇ.

ಕನ್ನಂಬಾಡಿ ತುಂಬಿತು ಅಂತ 124.80 ಅಡಿಯ ಫೋಟೊ ಎಲ್ಲಾ ಗ್ರೂಪುಗಳಲ್ಲೂ ಬಂತು. ನಾನು ಅದನ್ನು ಅಳಿಸಿ, ಬಾಮೈದ ಕಳಿಸಿದ್ದನ್ನು ಇಟ್ಟುಕೊಂಡೆ. ನಾಲೆಯ ನೀರು ಕೊನೆ ಭಾಗದ ಅವರ ಗದ್ದೆಗೆ ಮುಟ್ಟಿದ ಗಳಿಗೆ. ಮುಂದೆ ಕಸಕಡ್ಡಿ, ನೊರೆ, ಹಿಂದೆ ನೀರು.

ಹೀಗೆ ಆರಿಸಿದವನ್ನು ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿದ್ದೇನೆ. ಪ್ರತಿಯೊಂದರ ಹಿಂದೆ ಆಗ ಏನು ಕೇಳುತ್ತಿದ್ದೆ ಅಂತ ಬರೆಯುತ್ತೇನೆ. ಬಾಲ್‌ಪೆನ್ ಜಾರುತ್ತದೆ, ಮಾರ್ಕರ್ ಪೆನ್ನೇ ಬೇಕು. ಅಕ್ಕ ಎಲ್ಲವನ್ನೂ ತಿರುವಿ ಹಾಕಿ, “ಒಂದರಲ್ಲೂ ಮನುಷ್ಯರ ಮುಖ ಇಲ್ವಲ್ಲೋ” ಅಂದಳು. ಮುಖಗಳು ವಾಟ್ಸಾಪಿನಲ್ಲಿವೆ ಕಣಕ್ಕ ಅಂದೆ. ಈಗ ಬಾಕಿ ಇರುವ ಕೆಲಸ ಒಂದೇ. ಆ ಮೆಮೊರಿ ಕಾರ್ಡು ಒಂದೊಂದು ಸಲ ಓದಿಸಿಕೊಳ್ಳುವುದೇ ಇಲ್ಲ. ಕೈಕೊಡುವ ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಬೇಕು. ಒಂದು ಕಾಪಿ ಬಾಮೈದನಿಗೂ ಕೊಡಬೇಕು, ಅವನ ಹತ್ತಿರ ಬೇರೆ ಇಲ್ಲವಂತೆ.